ಇವತ್ತು ಇಡೋ ಸಸಿ, ಮುಂದಿನ ಬಿಸಿಲು

ಹವಾಮಾನ ಮಾದರಿ ಅಂತಾರಲ್ಲ, ಅದು ನಾಳೆ ಮಳೆ ಬರುತ್ತಾ ಅಂತ ಹೇಳೋದಲ್ಲ. ಮೂವತ್ತು, ಐವತ್ತು ವರ್ಷ ಮುಂದಿನ ಸರಾಸರಿ ಲೆಕ್ಕ. ಅದರಲ್ಲಿ ಮಳೆ ಅಂಕಿಯನ್ನೇ ನೆಚ್ಚಿಕೊಳ್ಳಬೇಡಿ, ಬಿಸಿಲಿನ ಅಂಕಿಯನ್ನ ಮಾತ್ರ ತಳ್ಳಿಹಾಕಬೇಡಿ ಅನ್ನೋದು ನನ್ನ ಅಭಿಪ್ರಾಯ.

ಇಡೀ ಭೂಮಿಯ ಮಾದರಿ ನೂರಾರು ಕಿ.ಮೀ. ಅಗಲದ ಚೌಕದಲ್ಲಿ ಲೆಕ್ಕ ಹಾಕುತ್ತೆ. ಪ್ರಾದೇಶಿಕ ಮಾದರಿ ಅದನ್ನ ಸಣ್ಣ ಚೌಕಕ್ಕೆ ಇಳಿಸುತ್ತೆ. ಪುಣೆಯ ಐಐಟಿಎಂ ಸಂಸ್ಥೆ ದಕ್ಷಿಣ ಏಷ್ಯಾಕ್ಕೆ ಮಾಡಿದ ಲೆಕ್ಕದಲ್ಲಿ ಒಂದು ಚೌಕ ಸುಮಾರು 50 ಕಿ.ಮೀ. ಚೇಳೂರು, ಗುಬ್ಬಿ, ತುಮಕೂರು ಮೂರೂ ಒಂದರಲ್ಲೇ ಬೀಳಬಹುದು. ಕೆರೆಯ ಈಚೆ ಸುರಿದು ಆಚೆ ಧೂಳು ಹಾರೋ ನಮ್ಮ ಮಳೆ ಅದರಲ್ಲಿ ಕಾಣಲ್ಲ. ಮಳೆ ಎಷ್ಟು ಅನ್ನೋದರಲ್ಲಿ ಮಾದರಿ ಮಾದರಿಗೂ ವ್ಯತ್ಯಾಸ ಐತೆ.

ಬಿಸಿಲಿನಲ್ಲಿ ಎಲ್ಲವೂ ಒಂದೇ ಕಡೆ ಕೈ ತೋರಿಸ್ತವೆ. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಪ್ರಕಾರ 1901ರಿಂದ 2018ರೊಳಗೆ ದೇಶದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರೈತೆ.

ರಾಗಿ ಈ ವರ್ಷ ಕೈಕೊಟ್ರೆ ಮುಂದಿನ ವರ್ಷ ತಳಿ ಬದಲಾಯಿಸಬಹುದು. ಅಡಿಕೆ, ತೆಂಗು ಇಟ್ರೆ ಮೂವತ್ತು ವರ್ಷದ ಮಾತು. ಮಳೆ ಅಷ್ಟೇ ಬಂದ್ರೂ ಬಿಸಿಲು ಏರಿದಂಗೆ ಗಿಡ ಕೇಳೋ ನೀರು ಜಾಸ್ತಿ. ಬೋರ್‌ವೆಲ್ ನಂಬಿ ರಾಗಿ ಹೊಲಕ್ಕೆಲ್ಲಾ ಅಡಿಕೆ ತುಂಬೋದು ನನಗೆ ಸರಿ ಕಾಣಲ್ಲ. ಬೇಸಿಗೆಯಲ್ಲಿ ಬೋರ್ ಎಷ್ಟು ಕೊಡುತ್ತೋ ಅಷ್ಟಕ್ಕೆ ಅಡಿಕೆ ಇರಲಿ. ಬದುವಿನಲ್ಲಿ ಹಲಸು ಇಡಿ, ಸಿದ್ದು ಹಲಸು ನಮ್ಮ ಚೇಳೂರಿನದೇ. ತಗ್ಗಿನಲ್ಲಿ ಕೃಷಿಹೊಂಡ ತೆಗೆಸಿ. ಮಳೆ ಹೆಚ್ಚಾದ್ರೆ ತುಂಬುತ್ತೆ, ಕಮ್ಮಿಯಾದ್ರೆ ಅದೇ ಆಸರೆ.

ಈ ವರ್ಷ ಸಸಿ ಇಡೋರು ಯೋಚನೆ ಮಾಡಿ, ನಿಮ್ಮ ಅನಿಸಿಕೆ ತಿಳಿಸಿ.