ಒಡಲು ಹಳೆಯದು, ಕಣ್ಣು ಹೊಸದು

ನಾಟಿಗೆ ಮುನ್ನ ಶಿವಮೊಗ್ಗ, ಭದ್ರಾವತಿ ಸುತ್ತಿನ ಗದ್ದೆಗಳಲ್ಲಿ ಪವರ್ ಟಿಲ್ಲರಿನ ರಬ್ಬರ್ ಚಕ್ರ ಬಿಚ್ಚಿ ಕಬ್ಬಿಣದ ಅಗಲ ಚಕ್ರ ಹಾಕುವುದನ್ನು ಮಕ್ಕಳು ನೋಡಿಯೇ ಇರುತ್ತಾರೆ. ಕೆಸರಿನಲ್ಲಿ ಹೂತುಹೋಗದಿರಬೇಕಾದರೆ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಬೇಕು. ಹಿಟಾಚಿ ಯಂತ್ರದಂತೆ ಉಕ್ಕಿನ ಚೈನಿನ ಮೇಲೆ ಓಡುವ ಸೇನಾ ವಾಹನಗಳ ಗುಟ್ಟೂ ಇದೇ.

ನಮ್ಮ ಭೂಸೇನೆಯ ಇಂಥ ವಾಹನಗಳಲ್ಲಿ ಮುಖ್ಯವಾದದ್ದು ಬಿಎಂಪಿ-2. ವಿನ್ಯಾಸ ಸೋವಿಯತ್ ರಷ್ಯದ್ದು, ಭಾರತದಲ್ಲಿಟ್ಟ ಹೆಸರು 'ಸಾರಥ್'. ಈಗ ತೆಲಂಗಾಣಕ್ಕೆ ಸೇರಿರುವ ಮೇದಕ್ ಕಾರ್ಖಾನೆಯಲ್ಲಿ 1980ರ ದಶಕದಲ್ಲಿ ಇದರ ತಯಾರಿಕೆ ಆರಂಭವಾಯಿತು. ಇದು ಟ್ಯಾಂಕ್ ಅಲ್ಲ. ಮೂವರು ಸಿಬ್ಬಂದಿಯ ಜತೆ ಏಳು ಮಂದಿ ಕಾಲಾಳು ಸೈನಿಕರನ್ನು ರಣರಂಗಕ್ಕೆ ಒಯ್ದು, 30 ಮಿಲಿಮೀಟರ್ ತೋಪಿನಿಂದ ಅವರಿಗೆ ಬೆಂಬಲ ಕೊಡುವುದು ಇದರ ಕೆಲಸ.

ತೂಕ ಸುಮಾರು 14 ಟನ್. ಆದರೂ ನೆಲದ ಮೇಲೆ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ ಮುಕ್ಕಾಲು ಕಿಲೋಗಿಂತ ಕಡಿಮೆ. ಕಾರಿನ ಟಯರ್ ಸುಮಾರು ಎರಡು ಕಿಲೋ ಒತ್ತಡ ಹಾಕುತ್ತದೆ! ಇನ್ನೊಂದು ವಿಶೇಷವೆಂದರೆ ಈ ವಾಹನ ನೀರಿನಲ್ಲಿ ತೇಲಿಕೊಂಡು ಗಂಟೆಗೆ ಏಳು ಕಿಲೋಮೀಟರ್ ವೇಗದಲ್ಲಿ ನದಿ ದಾಟಬಲ್ಲದು.

ತೊಡಕಿರುವುದೂ ಇಲ್ಲೇ. ತೇಲಬೇಕಾದರೆ ಹಗುರವಾಗಿರಬೇಕು, ಹಗುರವಾಗಿರಬೇಕಾದರೆ ಕವಚ ತೆಳುವಾಗಿರಬೇಕು. ಈ ಕವಚ ಬಂದೂಕಿನ ಗುಂಡು, ಸಿಡಿಚೂರುಗಳನ್ನು ತಡೆದೀತೇ ಹೊರತು ಟ್ಯಾಂಕಿನ ಗುಂಡನ್ನಲ್ಲ. ಕವಚ ದಪ್ಪ ಮಾಡಿದರೆ ಒಳಗಿನವರು ಸುರಕ್ಷಿತ, ಆದರೆ ವಾಹನ ಮುಳುಗುತ್ತದೆ. ಶಾಲೆಯಲ್ಲಿ ಕಲಿಯುವ ಆರ್ಕಿಮಿಡೀಸನ ತತ್ವ ಇಲ್ಲಿ ಹತ್ತು ಜನರ ಪ್ರಾಣದ ಲೆಕ್ಕವಾಗುತ್ತದೆ.

ಆದ್ದರಿಂದಲೇ ಆಧುನೀಕರಣವೆಂದರೆ ಬರೇ ಉಕ್ಕು ಸೇರಿಸುವುದಲ್ಲ. ಮೊದಲು ಬದಲಾಗಬೇಕಾದದ್ದು ಕಣ್ಣು. ಹಳೆಯ ಇರುಳು ದರ್ಶಕಗಳಿಗೆ ನಕ್ಷತ್ರದ ಬೆಳಕಾದರೂ ಬೇಕು. ಹೊಸ ಉಷ್ಣ ದರ್ಶಕ ಎಂಜಿನ್ನಿನ, ಮನುಷ್ಯನ ಮೈಯ ಶಾಖವನ್ನೇ ಚಿತ್ರವಾಗಿ ತೋರಿಸುತ್ತದೆ. ಕಡುಗತ್ತಲಾದರೂ ಹೊಗೆಯಿದ್ದರೂ ಅದಕ್ಕೆ ಅಡ್ಡಿಯಿಲ್ಲ. ಆಮೇಲೆ ಕ್ಷಿಪಣಿ, ಆಮೇಲೆ ಎಂಜಿನ್. ಲಡಾಖ್‌ನಂಥ ಎತ್ತರದಲ್ಲಿ ಗಾಳಿ ತೆಳುವಾಗಿ ಡೀಸೆಲ್ ಎಂಜಿನ್ನಿನ ಬಲ ಕುಗ್ಗುತ್ತದೆ. ಅಲ್ಲಿ ಕೂಡಿಸಿದ ಒಂದೊಂದು ಕಿಲೋ ತೂಕಕ್ಕೂ ಎಂಜಿನ್ ಬೆಲೆ ತೆರಬೇಕು. 2020ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಸುಧಾರಿತ ಅಂಶಗಳುಳ್ಳ 156 ಬಿಎಂಪಿ-2 ವಾಹನಗಳಿಗೆ ಸುಮಾರು 1,094 ಕೋಟಿ ರೂಪಾಯಿಯ ಬೇಡಿಕೆ ಇಟ್ಟಿತು. ಇವುಗಳ ಎಂಜಿನ್ ಬಲ 285 ಅಶ್ವಶಕ್ತಿ, ಗರಿಷ್ಠ ವೇಗ ಗಂಟೆಗೆ 65 ಕಿಲೋಮೀಟರ್.

ಕಣ್ಣು ಹೊಸದಾದರೂ ಕಾಲು ಗಟ್ಟಿಯಿರಬೇಕಲ್ಲ! ಒಂದೊಂದು ಬದಿಯಲ್ಲಿ ಆರು ಗಾಲಿ. ಅವು ಹಳ್ಳ ದಿಣ್ಣೆಗೆ ಏರಿಳಿದಾಗ ಅಡ್ಡಲಾಗಿ ಮಲಗಿರುವ ಉಕ್ಕಿನ ಸರಳುಗಳು, ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡು, ಮತ್ತೆ ಮೊದಲಿನಂತಾಗುತ್ತವೆ. ಸಾವಿರಾರು ಸಲ ತಿರುಚಿದರೂ ಮುರಿಯದ ಇಂಥ ಉಕ್ಕು ಸಾದಾ ಕಬ್ಬಿಣವಲ್ಲ. ಅದಕ್ಕೆ ಕ್ರೋಮಿಯಂ, ಮ್ಯಾಂಗನೀಸ್‌ನಂಥ ಧಾತುಗಳನ್ನು ಅಳತೆಯಿಂದ ಬೆರೆಸಿ, ಹದವಾಗಿ ಕಾಯಿಸಿ ತಣಿಸಬೇಕು.

ಮಿಶ್ರ ಉಕ್ಕಿನ ಈ ವಿದ್ಯೆ ಭದ್ರಾವತಿಗೆ ಮನೆಯ ವಿದ್ಯೆ. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಊರಿನಲ್ಲಿ 1918ರಲ್ಲಿ ನಿರ್ಮಾಣ ಆರಂಭವಾಗಿ, 1923ರಲ್ಲಿ ಇದ್ದಿಲಿನ ಕುಲುಮೆಯಿಂದ ಕಬ್ಬಿಣ ಹರಿಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಆ ಕಾರ್ಖಾನೆ ಮುಂದೆ ವಿಶೇಷ ಉಕ್ಕಿಗೆ ಹೆಸರಾಯಿತು. 1998ರಲ್ಲಿ ಸೈಲ್ ಸಂಸ್ಥೆಯಲ್ಲಿ ವಿಲೀನವಾಯಿತು. ಸ್ವಂತ ಅದಿರಿನ ಗಣಿಯಿಲ್ಲದೆ, ಹೊಸ ಬಂಡವಾಳ ಸಾಲದೆ ಸೊರಗಿತು. 2023ರ ಆರಂಭದಲ್ಲಿ ಮುಚ್ಚುವ ನಿರ್ಧಾರ ಹೊರಬಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಓಡಿತು. ಯುದ್ಧ ವಾಹನವಾಗಲಿ ಕಾರ್ಖಾನೆಯಾಗಲಿ, ಹಳೆಯದೆಂಬ ಕಾರಣಕ್ಕೇ ಕೆಡುವುದಿಲ್ಲ. ಕಾಲಕಾಲಕ್ಕೆ ಆಗಬೇಕಾದ ನವೀಕರಣ ತಪ್ಪಿದಾಗ ಕೆಡುತ್ತದೆ.

ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಮಕ್ಕಳ ತಂದೆ ತಾಯಿಯರು ಗಮನಿಸಬೇಕಾದ ಮಾತೊಂದಿದೆ. ಎಂಜಿನಿಯರಿಂಗ್ ಎಂದರೆ ಕಂಪ್ಯೂಟರ್ ಒಂದೇ ಅಲ್ಲ. ಸುರತ್ಕಲ್‌ನ ಎನ್‌ಐಟಿಯಲ್ಲಿ ಲೋಹಶಾಸ್ತ್ರ ಕಲಿಯಬಹುದು. ಶಿವಮೊಗ್ಗದಲ್ಲೇ ಜೆಎನ್‌ಎನ್‌ಸಿಇಯಂಥ ಎಂಜಿನಿಯರಿಂಗ್ ಕಾಲೇಜು 1980ರಿಂದಲೂ ಇದೆ. ಐಟಿಐ ಕಲಿತ ಒಳ್ಳೆಯ ವೆಲ್ಡರನ ಕೈಗುಣವಿಲ್ಲದೆ ಯಾವ ಕವಚವೂ ನಿಲ್ಲದು. ಭೌತಶಾಸ್ತ್ರದಲ್ಲಿ ಒತ್ತಡದ ಪಾಠ ಬಂದಾಗ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಲಿ: 14 ಟನ್ ತೂಕ, 30 ಸೆಂಟಿಮೀಟರ್ ಅಗಲದ ಎರಡು ಚೈನು, ನೆಲ ಮುಟ್ಟುವ ಉದ್ದ ಸುಮಾರು ಮೂರೂವರೆ ಮೀಟರ್. ಮೇಲೆ ಹೇಳಿದ ಮುಕ್ಕಾಲು ಕಿಲೋ ಲೆಕ್ಕ ಸರಿಯೋ ತಪ್ಪೋ ತಾವೇ ಕಂಡುಕೊಳ್ಳಲಿ.