ಒಂದೇ ಬದಿಯ ಲೆಕ್ಕ

ಗೆದ್ದವನೇ ಹಿರಿಯನು ಎಂಬ ಭ್ರಮೆ ಲೋಕದಲ್ಲಿ ಬಹುಕಾಲದಿಂದ ಬೇರೂರಿದೆ. ಈ ಭ್ರಮೆ ಅತ್ಯಂತ ಗಟ್ಟಿಯಾಗಿ ನೆಲೆನಿಂತಿರುವುದು ಬಾಕ್ಸಿಂಗ್ ಎಂಬ ಮುಷ್ಟಿಕಾಳಗದಲ್ಲಿ, ಅದರಲ್ಲೂ ಹೆವಿವೇಟ್ ಎಂದು ಕರೆಯಲಾಗುವ ಭಾರೀ ತೂಕದ ವಿಭಾಗದಲ್ಲಿ. ಜಾನ್ ಎಲ್. ಸಲಿವನ್, ಜ್ಯಾಕ್ ಡೆಂಪ್ಸಿ, ರಾಕಿ ಮಾರ್ಸಿಯಾನೊ ಮೊದಲಾದ ಅಮೆರಿಕದ ಹಿಂದಿನ ಚಾಂಪಿಯನ್ನರ ಹೆಸರುಗಳನ್ನು ಇಂದಿಗೂ ಪುರಾಣದ ವೀರರ ಹೆಸರುಗಳಂತೆ ಉಚ್ಚರಿಸುವವರಿದ್ದಾರೆ. ಅವರೆಲ್ಲ ಗಾತ್ರದಲ್ಲಿ ಚಿಕ್ಕವರು, ಇಂದಿನವರೆದುರು ನಿಲ್ಲಲಾರರು ಎಂದು ತಳ್ಳಿಹಾಕುವವರೂ ಇದ್ದಾರೆ. ಎರಡು ಪಕ್ಷಗಳೂ ತಪ್ಪು ತಕ್ಕಡಿಯನ್ನೇ ಹಿಡಿದಿವೆ.

ಎರಡನೆಯ ಪಕ್ಷದ ಮಾತನ್ನು ಮೊದಲು ಬದಿಗಿಡಬಹುದು. ಮಾರ್ಸಿಯಾನೊ ಸುಮಾರು 85 ಕಿಲೋ ತೂಗುತ್ತಿದ್ದರು. ಇಂದಿನ ಸ್ಪರ್ಧಿಗಳಲ್ಲಿ ಅನೇಕರು 100 ಕಿಲೋ ಮೀರಿದವರು. ಆದರೆ ಬೇರೆ ಬೇರೆ ಕಾಲದ ಇಬ್ಬರನ್ನು ಒಂದೇ ಕಣಕ್ಕಿಳಿಸುವುದು ಕಲ್ಪನೆಯ ವಿನೋದವೇ ಹೊರತು ವಿಚಾರವಲ್ಲ. ಯಾರನ್ನಾದರೂ ಅವರ ಕಾಲದವರೊಡನೆಯೇ ತೂಗಬೇಕು. ಹಾಗೆ ತೂಗಿದಾಗ ಈ ಕೀರ್ತಿ ಎಷ್ಟು ಉಳಿಯುತ್ತದೆ ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ಚಾಂಪಿಯನ್ ಎಂದರೆ ತನ್ನ ಕಾಲದ ಸಮರ್ಥರೆಲ್ಲರ ಎದುರು ನಿಂತು ಮೇಲುಗೈ ಪಡೆದವನು ಎಂದರ್ಥ. 1882ರಿಂದ 1892ರವರೆಗೆ ಈ ಬಿರುದನ್ನು ಧರಿಸಿದ್ದ ಸಲಿವನ್, ಪೀಟರ್ ಜಾಕ್ಸನ್ ಎಂಬ ಅಸಾಧಾರಣ ಸ್ಪರ್ಧಿಯೊಡನೆ ಕಾದಲು ನಿರಾಕರಿಸಿದರು. ಜಾಕ್ಸನ್ ಕಪ್ಪು ವರ್ಣದವರೆಂಬುದೇ ಅದಕ್ಕೆ ಕಾರಣ. ಸಲಿವನ್ನರನ್ನು ಸೋಲಿಸಿದ ಜೇಮ್ಸ್ ಕಾರ್ಬೆಟ್ 1891ರಲ್ಲಿ ಇದೇ ಜಾಕ್ಸನ್ನರೊಡನೆ 61 ಸುತ್ತು ಕಾದಿಯೂ ಗೆಲ್ಲಲಾಗಿರಲಿಲ್ಲ. ಪಟ್ಟವೇರಿದ ಮೇಲೆ ಅವರೊಡನೆ ಮತ್ತೆ ಕಣಕ್ಕಿಳಿಯಲೇ ಇಲ್ಲ. 1919ರಿಂದ 1926ರವರೆಗೆ ಚಾಂಪಿಯನ್ ಆಗಿದ್ದ ಡೆಂಪ್ಸಿಯವರಿಗೆ ಹ್ಯಾರಿ ವಿಲ್ಸ್ ಎಂಬ ಕಪ್ಪು ಸ್ಪರ್ಧಿ ವರ್ಷಾನುಗಟ್ಟಲೆ ಸವಾಲು ಹಾಕಿದರು. ಒಪ್ಪಂದಕ್ಕೆ ಸಹಿ ಬಿದ್ದರೂ ಸ್ಪರ್ಧೆ ನಡೆಯಲಿಲ್ಲ. 1923ರಿಂದ 1926ರವರೆಗೆ ಡೆಂಪ್ಸಿ ಪಟ್ಟವನ್ನು ಒಮ್ಮೆಯೂ ಪಣಕ್ಕಿಡದೆ ಕೀರ್ತಿಯನ್ನು ಅನುಭವಿಸಿದರು. ಕೊಡಬೇಕಾದ ಸಾಲವನ್ನು ಖಾತೆಯಲ್ಲಿ ಬರೆಯದೆ ಲಾಭವನ್ನು ಮಾತ್ರ ತೋರಿಸುವ ವರ್ತಕನನ್ನು ಪೇಟೆ ಪ್ರಾಮಾಣಿಕನೆನ್ನುವುದಿಲ್ಲ. ಕಣದಲ್ಲಿ ಮಾತ್ರ ಬೇರೆ ನ್ಯಾಯವೇಕೆ?

ಆ ತಪ್ಪು ಸ್ಪರ್ಧಿಗಳದ್ದಲ್ಲ, ವ್ಯವಸ್ಥಾಪಕರದು, ಕಾಲದ್ದು ಎಂಬ ಸಮಾಧಾನ ಕೇಳಿಬರುತ್ತದೆ. ಅದರಲ್ಲಿ ಸತ್ಯಾಂಶವಿದೆ. 1908ರಲ್ಲಿ ಸಿಡ್ನಿಯಲ್ಲಿ ಜ್ಯಾಕ್ ಜಾನ್ಸನ್ ಪಟ್ಟ ಗೆದ್ದ ಮೊದಲ ಕಪ್ಪು ವರ್ಣೀಯರಾದರು. 1910ರ ಜುಲೈ 4ರಂದು ಅವರು ಜೇಮ್ಸ್ ಜೆಫ್ರಿಸ್‌ರನ್ನು ಸೋಲಿಸಿದಾಗ ಅಮೆರಿಕದ ಹಲವು ಊರುಗಳಲ್ಲಿ ಗಲಭೆಗಳಾಗಿ ಜನ ಸತ್ತರು. 1915ರಲ್ಲಿ ಜಾನ್ಸನ್ ಸೋತ ಮೇಲೆ 22 ವರ್ಷಗಳ ಕಾಲ ಯಾವ ಕಪ್ಪು ಸ್ಪರ್ಧಿಗೂ ಆ ಪಟ್ಟಕ್ಕಾಗಿ ಕಾದುವ ಅವಕಾಶ ಸಿಗಲಿಲ್ಲ. ಆದರೆ ಅನ್ಯಾಯವನ್ನು ಕಾಲದ ತಲೆಗೆ ಕಟ್ಟಿ, ಅದರಿಂದ ಬಂದ ಕೀರ್ತಿಯನ್ನು ಮಾತ್ರ ವ್ಯಕ್ತಿಯ ಹೆಸರಿಗೆ ಜಮಾ ಮಾಡುವುದು ಯಾವ ಧರ್ಮ? ಈ ಪ್ರಶ್ನೆಯಿಂದ ಜಾನ್ಸನ್ನರಿಗೂ ವಿನಾಯಿತಿಯಿಲ್ಲ. ಚಾಂಪಿಯನ್ ಆದ ಮೇಲೆ ಅವರೂ ಸ್ಯಾಮ್ ಲ್ಯಾಂಗ್‌ಫರ್ಡ್ ಎಂಬ ಕಪ್ಪು ವರ್ಣದ ಪ್ರತಿಸ್ಪರ್ಧಿಗೆ ಅವಕಾಶ ಕೊಡಲಿಲ್ಲ.

ಇನ್ನು ಸೋಲೇ ಇಲ್ಲದ ಪಟ್ಟಿ. ಮಾರ್ಸಿಯಾನೊ 49 ಸ್ಪರ್ಧೆಗಳನ್ನು ಗೆದ್ದು, ಒಂದನ್ನೂ ಸೋಲದೆ 1956ರಲ್ಲಿ ನಿವೃತ್ತರಾದರು. ಆ ಪಟ್ಟಿಯ ಅತ್ಯಂತ ದೊಡ್ಡ ಹೆಸರು ಜೋ ಲೂಯಿ. 1937ರಿಂದ 1949ರವರೆಗೆ ಪಟ್ಟವನ್ನು 25 ಬಾರಿ ಉಳಿಸಿಕೊಂಡ ಲೂಯಿ, 1951ರಲ್ಲಿ ಮಾರ್ಸಿಯಾನೊ ಎದುರು ನೆಲಕ್ಕುರುಳಿದಾಗ ಅವರಿಗೆ 37 ವರ್ಷ. ತೆರಿಗೆಯ ಸಾಲ ಅವರನ್ನು ಮತ್ತೆ ಕಣಕ್ಕೆಳೆದಿತ್ತು. ಮಾರ್ಸಿಯಾನೊ ಎದುರಾಳಿಯ ವಯಸ್ಸಿಗೆ ಹೊಣೆಯಲ್ಲ. ಆದರೆ ಬರಿಯ ಅಂಕಿ ಹಿರಿಮೆಯ ಪ್ರಮಾಣವಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈ ಕೀರ್ತಿಯ ಬೆಲೆಯನ್ನೂ ಖಾತೆಯಲ್ಲಿ ಬರೆಯಬೇಕು. ತಲೆಗೆ ಬೀಳುವ ಹೊಡೆತಗಳು ಮಿದುಳನ್ನು ಕೆಡಿಸುತ್ತವೆ ಎಂಬುದನ್ನು ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು 1928ರಲ್ಲಿಯೇ ಬರೆದಿದ್ದರು. ಮುಹಮ್ಮದ್ ಅಲಿ ನಿವೃತ್ತರಾಗಬೇಕೆಂದು ಹೇಳಿ, ಅವರು ಕೇಳದಿದ್ದಾಗ ಅವರ ವೈದ್ಯ ಫರ್ಡಿ ಪ್ಯಾಚೆಕೊ 1977ರಲ್ಲಿ ಹೊರಬಂದರು. 1980ರಲ್ಲಿ 38ರ ಪ್ರಾಯದ ಅಲಿಯವರನ್ನು ಲ್ಯಾರಿ ಹೋಮ್ಸ್ ಎದುರು ನಿಲ್ಲಿಸಲಾಯಿತು. 1984ರಲ್ಲಿ ಅಲಿಯವರಿಗೆ ಪಾರ್ಕಿನ್ಸನ್ ವ್ಯಾಧಿಯಿದೆಯೆಂದು ತಿಳಿದುಬಂತು. ಪ್ರೇಕ್ಷಕರು ಟಿಕೆಟ್ಟಿಗಾಗಿ ತೆತ್ತ ಹಣ ಅಲ್ಪ. ಉಳಿದುದನ್ನು ತೆತ್ತವರು ಬೇರೆ.

ಹಾಗಾದರೆ ಈ ಕಣದಲ್ಲಿ ಹಿರಿಮೆಯೇ ಇರಲಿಲ್ಲವೇ? ಇತ್ತು, ಬಹುಪಾಲು ಮುಷ್ಟಿಯ ಹೊರಗೆ ಇತ್ತು. 1942ರಲ್ಲಿ ಲೂಯಿ ಎರಡು ಸ್ಪರ್ಧೆಗಳ ಗಳಿಕೆಯನ್ನು ನೌಕಾದಳ ಮತ್ತು ಭೂಸೇನೆಯ ಪರಿಹಾರ ನಿಧಿಗಳಿಗೆ ಅರ್ಪಿಸಿದರು. 1967ರಲ್ಲಿ ಅಲಿ ವಿಯೆಟ್ನಾಂ ಯುದ್ಧಕ್ಕಾಗಿ ಸೇನೆ ಸೇರಲು ನಿರಾಕರಿಸಿ, ಪಟ್ಟವನ್ನೂ ಯೌವನದ ಮೂರೂವರೆ ವರ್ಷಗಳನ್ನೂ ಕಳೆದುಕೊಂಡರು. ಅದೇ ಅಲಿ, ತಮಗೆ ಪರವಾನಗಿ ಮರಳಿ ಸಿಗಲೆಂದು ಶ್ರಮಿಸಿದ್ದ ಜೋ ಫ್ರೇಜಿಯರ್‌ರನ್ನು 1975ರಲ್ಲಿ ಗೊರಿಲ್ಲಾ ಎಂದು ಹೀಯಾಳಿಸಿದರು. ಅದೂ ಲೆಕ್ಕಕ್ಕೆ ಸೇರಬೇಕು. ಆ ವರ್ಷ ಮನಿಲಾದಲ್ಲಿ, ಕಣ್ಣು ಮುಚ್ಚುವಷ್ಟು ಊದಿಕೊಂಡಿದ್ದ ಫ್ರೇಜಿಯರ್ ಕೊನೆಯ ಸುತ್ತಿಗೂ ಏಳಬಯಸಿದಾಗ, ತರಬೇತುದಾರ ಎಡ್ಡಿ ಫಚ್ ಅವರನ್ನು ತಡೆದು ಸೋಲನ್ನೊಪ್ಪಿಕೊಂಡರು. ಗೆಲುವಿಗಿಂತ ಜೀವ ದೊಡ್ಡದೆಂದು ಆ ದಿನ ನಿರ್ಧರಿಸಿದವರು ಅವರೊಬ್ಬರೇ.

ಮನೆಯ ಮಕ್ಕಳು ಈ ಹಳೆಯ ಚಾಂಪಿಯನ್ನರನ್ನು ಮೆಚ್ಚಿದರೆ ಗದರುವ ಅಗತ್ಯವಿಲ್ಲ. ಅವರು ಯಾರನ್ನು ಸೋಲಿಸಿದರು ಎಂಬುದರ ಜೊತೆಗೆ ಯಾರ ಎದುರು ನಿಲ್ಲಲಿಲ್ಲ ಎಂಬುದನ್ನೂ ಹೇಳಿಕೊಟ್ಟರೆ ಸಾಕು. ಮಾರ್ಸಿಯಾನೊ ಸೋಲರಿಯದ ವೀರನೆಂಬ ಕೀರ್ತಿಯೊಡನೆ ನಿವೃತ್ತರಾದ 1956ನೇ ವರ್ಷದಲ್ಲಿಯೇ, ಪಟ್ಟಕ್ಕಾಗಿ ಕಾದುವ ಅವಕಾಶ ಒಮ್ಮೆಯೂ ಸಿಗದ ಸ್ಯಾಮ್ ಲ್ಯಾಂಗ್‌ಫರ್ಡ್ ಕುರುಡರಾಗಿ ತೀರಿಕೊಂಡರು.