ಒಂದು ಅಂಕದ ಪ್ರಶ್ನೆಯ ಹಿಂದಿನ ಹುಡುಗಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನ್ನಂಥವರಿಗೆ 'ಬ್ರೌನ್ ವಿರುದ್ಧ ಬೋರ್ಡ್ ಆಫ್ ಎಜುಕೇಷನ್' ಎಂದರೆ ಒಂದು ಅಂಕ. ದೇಶ ಅಮೆರಿಕ, ವರ್ಷ 1954. ಕಪ್ಪುವರ್ಣೀಯ ಮತ್ತು ಬಿಳಿಯ ಮಕ್ಕಳಿಗೆ ಬೇರೆ ಬೇರೆ ಸರ್ಕಾರಿ ಶಾಲೆ ನಡೆಸುವುದು ಸಂವಿಧಾನಬಾಹಿರ ಎಂಬ ತೀರ್ಪು. ಇಷ್ಟನ್ನು ನೋಟ್ಸ್‌ನಲ್ಲಿ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆ ತೀರ್ಪಿನ ಹಿಂದೆ ನಮಗಿಂತ ಚಿಕ್ಕವಳೊಬ್ಬಳು ಇದ್ದಳು ಎಂಬುದು ನನಗೆ ತಿಳಿದದ್ದು ತೀರಾ ಇತ್ತೀಚೆಗೆ.

ಅವಳು ಬಾರ್ಬರಾ ಜಾನ್ಸ್. ವರ್ಜೀನಿಯಾ ರಾಜ್ಯದ ಫಾರ್ಮ್‌ವಿಲ್ ಎಂಬ ಸಣ್ಣ ಊರಿನ ಮೋಟನ್ ಹೈಸ್ಕೂಲಿನ ವಿದ್ಯಾರ್ಥಿನಿ. ಕಪ್ಪುವರ್ಣೀಯರಿಗೆಂದೇ ಇದ್ದ ಆ ಶಾಲೆಯನ್ನು ಕಟ್ಟಿದ್ದು ಸುಮಾರು 180 ಮಕ್ಕಳಿಗೆ. ಓದುತ್ತಿದ್ದವರು ಸುಮಾರು 450. ಜಾಗ ಸಾಲದೆ ಟಾರು ಕಾಗದ ಹೊದಿಸಿದ ಶೆಡ್‌ಗಳಲ್ಲೂ ಪಾಠ ನಡೆಯುತ್ತಿತ್ತು. 1951ರ ಏಪ್ರಿಲ್ 23ರಂದು 16 ವರ್ಷದ ಬಾರ್ಬರಾ ಸಭಾಂಗಣದ ವೇದಿಕೆ ಹತ್ತಿ ಮಾತನಾಡಿದಳು. ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರನಡೆದರು. ಮುಷ್ಕರ ಎರಡು ವಾರ ನಡೆಯಿತು.

ಮಕ್ಕಳು ಮೊದಲು ಕೇಳಿದ್ದು ಒಳ್ಳೆಯ ಕಟ್ಟಡ ಮಾತ್ರ. ಪ್ರತ್ಯೇಕ ಶಾಲೆಯ ಪದ್ಧತಿಯನ್ನೇ ಪ್ರಶ್ನಿಸುವುದಾದರೆ ಮೊಕದ್ದಮೆ ಹೂಡುತ್ತೇವೆ ಎಂದರು ಎನ್‌ಎಎಸಿಪಿ ಸಂಘಟನೆಯ ವಕೀಲರು. ಮಕ್ಕಳೂ ಹೆತ್ತವರೂ ಒಪ್ಪಿದರು. ಬ್ರೌನ್ ಪ್ರಕರಣದ ಜೊತೆ ಸೇರಿ ತೀರ್ಮಾನವಾದ ಮೊಕದ್ದಮೆಗಳಲ್ಲಿ ವಿದ್ಯಾರ್ಥಿಗಳ ಮುಷ್ಕರದಿಂದ ಹುಟ್ಟಿದ್ದು ಇದೊಂದೇ.

ಗೆದ್ದರು, ನಿಜ. ಆದರೆ ಬಾರ್ಬರಾಗೆ ಸಿಕ್ಕಿದ್ದೇನು? ಅವಳ ಸುರಕ್ಷತೆಗೆ ಹೆದರಿದ ಮನೆಯವರು ಅಲಬಾಮಾದ ಬಂಧುಗಳ ಮನೆಗೆ ಕಳಿಸಿದ್ದರು. ತೀರ್ಪು ಬರುವಾಗ ಅವಳು ಮೋಟನ್ ಶಾಲೆಯಲ್ಲೇ ಇರಲಿಲ್ಲ. ಅವಳ ಕೌಂಟಿಯ ಆಡಳಿತವಂತೂ ಎಲ್ಲ ಮಕ್ಕಳನ್ನು ಒಟ್ಟಿಗೆ ಕೂರಿಸುವ ಬದಲು 1959ರಲ್ಲಿ ಸರ್ಕಾರಿ ಶಾಲೆಗಳಿಗೇ ಬೀಗ ಹಾಕಿತು. ಬಿಳಿಯರ ಮಕ್ಕಳಿಗಾಗಿ ಖಾಸಗಿ ಶಾಲೆಗಳು ಹುಟ್ಟಿಕೊಂಡವು. ಸರ್ಕಾರಿ ಶಾಲೆಗಳ ಬೀಗ ತೆರೆದದ್ದು 1964ರಲ್ಲಿ, ಮತ್ತೊಮ್ಮೆ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ತೀರ್ಪು ಬಂದಾಕ್ಷಣ ಹಕ್ಕು ಮನೆ ಬಾಗಿಲಿಗೆ ಬರುವುದಿಲ್ಲ.

ಮುಂದಿನ ಹಕ್ಕುಗಳನ್ನೂ ಯಾರೋ ಒಬ್ಬರು ಕೇಳಲೇಬೇಕಾಯಿತು. ವಿಯೆಟ್ನಾಂ ಯುದ್ಧದಲ್ಲಿ ಸತ್ತವರಿಗಾಗಿ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಬಂದ 13 ವರ್ಷದ ಮೇರಿ ಬೆತ್ ಟಿಂಕರ್‌ಳನ್ನು 1965ರಲ್ಲಿ ಅಯೋವಾದ ಶಾಲೆ ಅಮಾನತು ಮಾಡಿತು. ಪಾಠಕ್ಕೆ ಗಣನೀಯ ಅಡ್ಡಿಯಾಗದಿದ್ದರೆ ಶಾಲೆಯ ಒಳಗೂ ವಿದ್ಯಾರ್ಥಿಗೆ ಅಭಿವ್ಯಕ್ತಿ ಸ್ವಾತಂತ್ರ್ಯವಿದೆ ಎಂದು 1969ರಲ್ಲಿ ಕೋರ್ಟ್ ಹೇಳಿತು. ಒಹಾಯೊದ ಡ್ವೈಟ್ ಲೋಪೆಜ್, ಗಲಾಟೆಯಲ್ಲಿ ತಾನು ಸೇರಿರಲಿಲ್ಲ ಎಂದ. ಆದರೂ ವಿಚಾರಣೆಯೇ ಇಲ್ಲದೆ ಅಮಾನತಾಗಿತ್ತು. ಆರೋಪ ಏನೆಂದು ತಿಳಿಸಿ, ಅವನ ಮಾತು ಕೇಳಬೇಕು ಎಂಬ ನಿಯಮ 1975ರ ತೀರ್ಪಿನಲ್ಲಿ ಬಂತು.

ಕೇಳಿದವರೆಲ್ಲ ಗೆಲ್ಲಲಿಲ್ಲ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ 1968ರಲ್ಲಿ ಎಡ್ಜ್‌ವುಡ್ ಹೈಸ್ಕೂಲಿನ ಮಕ್ಕಳು ತರಗತಿ ಬಿಟ್ಟು ಬೀದಿಗಿಳಿದರು. ಹೆತ್ತವರು ಕೋರ್ಟಿಗೆ ಹೋದರು. ಶಾಲೆಯ ಹಣ ಆಯಾ ಪ್ರದೇಶದ ಆಸ್ತಿ ತೆರಿಗೆಯನ್ನು ಅವಲಂಬಿಸಿದರೆ ಬಡವರ ಶಾಲೆ ಬಡವಾಗಿಯೇ ಉಳಿಯುತ್ತದೆ ಎಂಬುದು ಅವರ ವಾದ. 1973ರಲ್ಲಿ ಅವರು 5-4ರಿಂದ ಸೋತರು. ಶಿಕ್ಷಣ ಅಮೆರಿಕದ ಸಂವಿಧಾನ ಕೊಡುವ ಮೂಲಭೂತ ಹಕ್ಕಲ್ಲ ಎಂದಿತು ಕೋರ್ಟ್.

ನಮ್ಮಲ್ಲಿ ಅದು ಮೂಲಭೂತ ಹಕ್ಕು. ಆ ದಾರಿಯ ಒಂದು ಮೈಲಿಗಲ್ಲು ತುಮಕೂರಿನಲ್ಲಿದೆ. ಅಲ್ಲಿನ ಖಾಸಗಿ ವೈದ್ಯಕೀಯ ಕಾಲೇಜೊಂದು ಕೇಳಿದ ದುಬಾರಿ ಶುಲ್ಕ ಕೊಡಲಾಗದ ಮೀರತ್‌ನ ಮೋಹಿನಿ ಜೈನ್ ಸುಪ್ರೀಂ ಕೋರ್ಟಿಗೆ ಹೋದರು. ಜೀವಿಸುವ ಹಕ್ಕಿನಲ್ಲೇ ಶಿಕ್ಷಣದ ಹಕ್ಕೂ ಇದೆ ಎಂದು 1992ರಲ್ಲಿ ತೀರ್ಪಾಯಿತು. ಮರುವರ್ಷ ಕೋರ್ಟ್ ಈ ಹಕ್ಕನ್ನು 14 ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿತು. 2002ರಲ್ಲಿ ಸಂವಿಧಾನಕ್ಕೆ 21ಎ ವಿಧಿಯ ತಿದ್ದುಪಡಿ, 2010ರಲ್ಲಿ ಆರ್‌ಟಿಇ ಕಾಯ್ದೆ ಜಾರಿ. ಆದರೆ ಮೋಹಿನಿಗೆ ಆ ಸೀಟು ಸಿಗಲಿಲ್ಲ. ಕೋರ್ಟ್ ತತ್ವವನ್ನು ಒಪ್ಪಿ, ಅವರಿಗೆ ಪರಿಹಾರ ನಿರಾಕರಿಸಿತು.

ಫಾರ್ಮ್‌ವಿಲ್‌ನ ಹುಡುಗಿಗೂ ಮೀರತ್‌ನ ಹುಡುಗಿಗೂ ಆದದ್ದು ಒಂದೇ. ಕೇಳಿದವರು ಅವರು, ಅನುಭವಿಸುತ್ತಿರುವವರು ನಾವು. 'ನಮಗ್ಯಾಕೆ ಊರ ಉಸಾಬರಿ, ಡಿಗ್ರಿ ಮುಗಿಸಿ ಕೆಲಸ ಹಿಡಿದರೆ ಸಾಕು' ಎಂದು ನಾವು ಎಷ್ಟು ಸಲ ಅಂದುಕೊಂಡಿಲ್ಲ? ಹಾಸ್ಟೆಲಿನ ನೀರು, ತಡವಾದ ವಿದ್ಯಾರ್ಥಿವೇತನ, ವರ್ಷಗಟ್ಟಲೆ ಬಾರದ ಫಲಿತಾಂಶ: ಇವುಗಳ ಬಗ್ಗೆ ನಾವು ಬರೆಯುವ ಅರ್ಜಿಯ ಫಲ ನಮ್ಮ ಬ್ಯಾಚಿಗೆ ಸಿಗದಿರಬಹುದು. ಮುಂದಿನ ಬ್ಯಾಚಿಗಾದರೂ ಸಿಗಲಿ ಎಂದು ಬರೆಯೋಣ. ಆ ಸಾಲ ನಮ್ಮ ಮೇಲಿದೆ.